ನಾಲ್ಕು ಸಾಲಿನ ಕೆಳಗೆ

ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಎನ್ನುವ ಪ್ರಶ್ನೆಪತ್ರಿಕೆ ಕಂಡರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಅಂಥದ್ದೊಂದು ಪತ್ರಿಕೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ, "ನೋಡೇ ಇಲ್ಲಿ. ನಾಲ್ಕು ಗಂಡು ತೋರ್ಸಿ, ಇದ್ರಲ್ಲೇ ಒಂದನ್ನ ಒಪ್ಕೊ ಅಂದ ಹಾಗಿದೆ. ಇದು ಪರೀಕ್ಷೆ ಅಲ್ಲ ಕಣೇ, ಬಲವಂತದ ಮದುವೆ. ನಂದು ಐದನೇದು ಒಂದಿದೆ ಮಿಸ್ ಅನ್ನೋ ಮಗು ಏನ್ ಮಾಡ್ಬೇಕು?" ಎಂದು ಕೇಳಿದ್ದರು.

"ತಪ್ಪು ಅಂತ ಗೀಟು ಹಾಕ್ಬೇಕು ಮೇಡಂ" ಎಂದೆ ನಾನು, ತಮಾಷೆಗೆ.

"ಹಾಕ್ತೀಯ, ಹಾಕ್ತೀಯ. ನೀನು ಹಾಕೋಳೇ" ಎಂದರು ಅವರೂ ತಮಾಷೆಗೆ. ಆ ಮಾತನ್ನು ಈಗ ತಮಾಷೆ ಎಂದುಕೊಳ್ಳಲಾರೆ.

ರಾಜಾಜಿನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವರು ಕನ್ನಡ ಟೀಚರು, ನಾನು ಕಂಪ್ಯೂಟರ್ ಟೀಚರು. ಹನ್ನೊಂದು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರು. ವಯಸ್ಸಿನಲ್ಲಿ ನನಗಿಂತ ಹದಿನೆಂಟು ವರ್ಷ ದೊಡ್ಡವರು. ಅವರ ಹೆಸರು ಬರೆಯುವುದಿಲ್ಲ. ಯಾರಾದರೂ ಮೇಷ್ಟರು ತೀರಿಕೊಂಡಾಗ ಬರುವ ಬರಹಗಳನ್ನು ಓದಿ, "ಸತ್ತ ತಕ್ಷಣ ಎಲ್ರೂ ಆದರ್ಶ ಶಿಕ್ಷಕರಾಗ್ಬಿಡ್ತಾರೆ, ಬದುಕಿದ್ದಾಗ ಎಲ್ಲಿದ್ರಪ್ಪಾ ಇವ್ರೆಲ್ಲ" ಎಂದು ನಗುತ್ತಿದ್ದವರು ಅವರು. ಆದ್ದರಿಂದ ಆದರ್ಶದ ಮಾತು ಬೇಡ. ಉತ್ತರಪತ್ರಿಕೆ ತಿದ್ದುವುದರಲ್ಲಿ ಎಲ್ಲರಿಗಿಂತ ಹಿಂದೆ. ಪಾಠ ಮಾಡುತ್ತ ಮಾಡುತ್ತ ಸೆರಗಿನ ಮರೆಯಲ್ಲಿ ಹುರಿಗಡಲೆ ತಿನ್ನುತ್ತಿದ್ದರು. ನಾಲಗೆಯಂತೂ ಯಾರ ಮುಲಾಜನ್ನೂ ನೋಡುತ್ತಿರಲಿಲ್ಲ; ಒಂದು ಸಲ ನಾನೂ ಆ ನಾಲಗೆಗೆ ಸಿಕ್ಕಿ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.

ಕೆಂಪು ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು, ಆಮೇಲೆ ಅದನ್ನು ಇಡೀ ಶಾಲೆಯಲ್ಲಿ ಹುಡುಕುವುದು ಅವರ ದಿನಚರಿ. ಮೇಜಿನ ಡ್ರಾಯರು, ಬ್ಯಾಗು, ನನ್ನ ಬ್ಯಾಗು, ಕೊನೆಗೆ ಅಟೆಂಡರ್ ಮೇಲೆ ಅನುಮಾನ. "ತುರುಬು ನೋಡ್ಕೊಳ್ಳಿ ಮೇಡಂ" ಎಂದರೆ ಕೈ ಹಿಂದಕ್ಕೆ ಹೋಗುವುದು. "ಗೊತ್ತಿತ್ತು. ನೀನು ಹುಷಾರಾಗಿದ್ದೀಯಾ ಅಂತ ನೋಡ್ದೆ" ಎನ್ನುವರು.

ಪಾಠವಿಲ್ಲದ ಪೀರಿಯಡ್ಡಿನಲ್ಲಿ ಲ್ಯಾಬಿನ ಮೂಲೆಯಲ್ಲಿ ಕೂತು ಆಟ ಆಡುವ ಕೆಟ್ಟ ಚಾಳಿ ನನಗಿತ್ತು. ಗುಂಡು ಹೊಡೆಯುವ ಆಟಗಳಲ್ಲ. ಪರದೆಯ ಮೇಲೆ ಒಂದು ಬೀದಿಯೋ ಕೋಣೆಯೋ ಇರುತ್ತದೆ. ಮೌಸ್ ಒತ್ತಿದ ಕಡೆ ನಮ್ಮ ನಾಯಕ ನಡೆದು ಹೋಗುತ್ತಾನೆ, ಕಂಡದ್ದನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಯಾವುದನ್ನೋ ಯಾವುದಕ್ಕೋ ಸರಿಯಾಗಿ ಜೋಡಿಸಿದರೆ ಮುಂದಿನ ಬಾಗಿಲು ತೆರೆಯುತ್ತದೆ. ಯಾರನ್ನಾದರೂ ಮಾತಾಡಿಸಲು ಹೋದರೆ ಪರದೆಯ ಕೆಳಗೆ ನಾಲ್ಕು ಸಾಲು ಮೂಡುತ್ತವೆ. ನಾವು ಯಾವ ಸಾಲು ಒತ್ತುತ್ತೇವೋ ಅದನ್ನು ಅವನು ಹೇಳುತ್ತಾನೆ. ಆಗ ನಾನು ಆಡುತ್ತಿದ್ದ ಆಟದಲ್ಲಿ ಒಬ್ಬ ರಾಜನ ಹಲ್ಲುಸೆಟ್ಟು ಕಳುವಾಗಿತ್ತು. ರಾಜನಿಗೆ ಗಂಜಿ ಬಿಟ್ಟು ಬೇರೇನೂ ಸೇರದಂತಾಗಿ, ಅರಮನೆಯ ಅಡುಗೆಯವನ ಕೆಲಸ ಹೋಗಿತ್ತು. ಅಡುಗೆಯವನು ಹಲ್ಲು ಹುಡುಕಿಕೊಂಡು ಊರೂರು ಅಲೆಯುತ್ತಿದ್ದ.

ಒಂದು ದಿನ ಮೇಡಂ ಹಿಂದೆ ಬಂದು ನಿಂತು ಎರಡು ನಿಮಿಷ ನೋಡಿದರು. "ಇದೇನೇ ಇದು, ಕಂಡವರ ಮನೆಗೆ ನುಗ್ಗಿ ಕೈಗೆ ಸಿಕ್ಕಿದ್ದೆಲ್ಲ ಚೀಲಕ್ಕೆ ತುಂಬ್ಕೊಳ್ತಾನೆ. ಇವನಿಗಿಂತ ಆ ಹಲ್ಲು ಕದ್ದೋನೇ ವಾಸಿ." ಹಾಗೆಂದವರು ಹೋಗಲಿಲ್ಲ. ಕುರ್ಚಿ ಎಳೆದುಕೊಂಡರು. "ಆ ಬಾತುಕೋಳಿನ ಒಂದ್ಸಲ ಮಾತಾಡ್ಸು ನೋಡೋಣ."

ಅವತ್ತಿನಿಂದ ಆ ಆಟ ಇಬ್ಬರದ್ದಾಯಿತು. ಒಂದು ಕಡೆ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆವು. ವೈದ್ಯನ ಮನೆಯ ಮುಂದೆ ಉದ್ದನೆ ಸಾಲು. ಅಡುಗೆಯವನು ಸಾಲಿನಲ್ಲಿ ನಿಂತೂ ಇರಬೇಕು, ಅದೇ ಹೊತ್ತಿಗೆ ಹಿತ್ತಲಿಗೆ ಹೋಗಿ ಏಣಿಯನ್ನೂ ತರಬೇಕು. ಬಿಟ್ಟು ಹೋದರೆ ಜಾಗ ಹೋಯಿತು. ನಾನು ಚೀಲದಲ್ಲಿದ್ದ ಎಲ್ಲವನ್ನೂ ಎಲ್ಲರ ಮೇಲೂ ಪ್ರಯೋಗಿಸಿ ಸೋತೆ. ಮೇಡಂ ಕಡಲೆ ಜಗಿಯುತ್ತ, "ಅವನ ಬೂಟು ಬಿಚ್ಚಿ ಸಾಲಲ್ಲಿ ಇಡಿಸು" ಎಂದರು. "ಸೀಮೆಎಣ್ಣೆ ಸಾಲಲ್ಲಿ ನಮ್ಮಮ್ಮ ನನ್ನ ಚಪ್ಪಲಿ ಇಟ್ಟು ಮನೆಗೆ ಬಂದು ಒಗ್ಗರಣೆ ಹಾಕಿ ಹೋಗ್ತಿದ್ರು. ಚಪ್ಪಲಿನ ಯಾರೂ ದಾಟಲ್ಲ ಕಣೇ." ಇಟ್ಟೆ. ಸಾಲಿನವರು ಬೂಟಿಗೆ ಜಾಗ ಬಿಟ್ಟು ನಿಂತರು. ಆ ಆಟ ಬರೆದವನು ಯಾವ ದೇಶದವನೋ, ಅವನಮ್ಮನೂ ಎಲ್ಲೋ ಸಾಲಿನಲ್ಲಿ ನಿಂತಿರಬೇಕು ಎಂದು ಇಬ್ಬರೂ ನಕ್ಕೆವು.

ಆಟದ ಮಾತೆಲ್ಲ ಇಂಗ್ಲಿಷು. ನಾನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ. ನಾಲ್ಕು ಸಾಲೂ ಓದಿ ಮುಗಿಸಿದ ಮೇಲೆ ಅವರು ಮೂಗು ಮುರಿಯುತ್ತಿದ್ದರು. "ನಾಲ್ಕೂ ಸಪ್ಪೆ." ಆಮೇಲೆ ನಾಲ್ಕನೆಯ ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಉಗುರಿನಿಂದ ಟಕಟಕ ಕುಟ್ಟುತ್ತಿದ್ದರು. "ಇಲ್ಲಿ ನಾನು ಹೇಳ್ತೀನಿ, ಕೇಳು." ಅರಮನೆಯ ಅಧಿಕಾರಿಯೊಬ್ಬ ಒಳಗೆ ಬಿಡಬೇಕಾದರೆ ಅರ್ಜಿ ಬರೆದು ತಾ ಎಂದಾಗ ಅವರು ಹೇಳಿದ ಐದನೆಯ ಸಾಲು ನನಗಿನ್ನೂ ನೆನಪಿದೆ: "ಸ್ವಾಮಿ, ನಿಮ್ಮ ರಾಜರು ಗಂಜಿ ಕುಡೀತಾ ಇದಾರೆ, ನೀವು ಕೋಡುಬಳೆ ಕಡೀತಾ ಇದೀರ. ಹಲ್ಲು ಯಾರ ಬಾಯಲ್ಲಿದೆ ಅಂತ ಮೊದಲು ಹೇಳಿ, ಆಮೇಲೆ ಅರ್ಜಿ." ಆ ಸಾಲು ಆಟದಲ್ಲಿ ಇದ್ದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತೇನೋ. ಇರಲಿಲ್ಲ. ನಾವು ಇದ್ದುದರಲ್ಲೇ ಒಂದನ್ನು ಒತ್ತಿ ಮುಂದಕ್ಕೆ ಹೋದೆವು.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ವಾರ, ಒಂದು ಬೆಳಿಗ್ಗೆ ಅವರು ಪಾಠದ ನಡುವೆ ನಿಂತುಬಿಟ್ಟರು. ಮಕ್ಕಳು ಮಿಸ್ ಅಭಿನಯ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕರಂತೆ. ಕೈಯಲ್ಲಿದ್ದ ಪುಸ್ತಕ ಬಿದ್ದ ಮೇಲೆ ಒಬ್ಬಳು ಓಡಿ ಬಂದು ನನ್ನನ್ನು ಕರೆದಳು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಅವರ ತುರುಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ, ಚುಚ್ಚೀತು ಎಂದು.

ಬಲಗೈ, ಬಲಗಾಲು ಬಿದ್ದುಹೋಗಿತ್ತು. ಜೊತೆಗೆ ಮಾತು. ಡಾಕ್ಟರು ಹೇಳಿದ್ದು ಇಷ್ಟು: ಕೇಳಿದ್ದು ಅರ್ಥವಾಗುತ್ತದೆ, ಚಿಕ್ಕ ಚಿಕ್ಕ ಸಾಲು ಓದಬಲ್ಲರು, ಯೋಚನೆ ಮೊದಲಿನ ಹಾಗೇ ಇದೆ, ಆದರೆ ಹೇಳಬೇಕಾದ ಮಾತು ಬಾಯಿಗೂ ಬರುವುದಿಲ್ಲ, ಕೈಗೂ ಬರುವುದಿಲ್ಲ. ಇಷ್ಟು ದೊಡ್ಡ ಕನ್ನಡದಲ್ಲಿ ಅವರಿಗೆ ಉಳಿದದ್ದು ಒಂದೇ ಪದ, "ಅದೇ". ನೀರು ಬೇಕಾದರೂ ಅದೇ, ಬೇಡವಾದರೂ ಅದೇ, ನೋವಿಗೂ ಅದೇ, ಸಿಟ್ಟಿಗೂ ಅದೇ. ನೋಡಲು ಬಂದವರು ಅವರಿಗೆ ಕಿವಿ ಕೇಳಿಸದು ಎನ್ನುವ ಹಾಗೆ ಕಿರುಚಿ ಮಾತಾಡುತ್ತಿದ್ದರು, ಇಲ್ಲವೇ ಮಗುವನ್ನು ರಮಿಸುವ ಹಾಗೆ ರಾಗ ಎಳೆಯುತ್ತಿದ್ದರು. ಮೇಡಂ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಮೊದಲಾಗಿದ್ದರೆ ಅವರನ್ನೆಲ್ಲ ಎರಡು ಮಾತಲ್ಲಿ ಮೆಟ್ಟಿಲು ಇಳಿಸುತ್ತಿದ್ದರು.

ಅವರಿಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಸವೇಶ್ವರನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟರು. ಶ್ರೀಗಂಧದ ಕಾವಲಿನಲ್ಲಿದ್ದ ಅವರ ತಮ್ಮ ದಿನವೂ ಸ್ಕೂಟರಿನಲ್ಲಿ ಊಟದ ಕ್ಯಾರಿಯರ್ ತಂದು ಕೊಡುತ್ತಿದ್ದರು. ನಾನು ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದೆ.

ಒಂದು ಸಂಜೆ ಲ್ಯಾಪ್‌ಟಾಪ್ ಒಯ್ದೆ. ನಾವು ಬಿಟ್ಟಲ್ಲಿಂದ ಆಟ ತೆರೆದು ಮೌಸನ್ನು ಅವರ ಎಡಗೈಗೆ ಕೊಟ್ಟೆ. ಅಡುಗೆಯವನು ಒಬ್ಬ ಕ್ಷೌರಿಕನ ಎದುರು ನಿಂತಿದ್ದ. ನಾಲ್ಕು ಸಾಲನ್ನೂ ಕನ್ನಡದಲ್ಲಿ ಓದಿದೆ. ಅವರು ಬಹಳ ಹೊತ್ತು ನೋಡಿ, ನಾಲ್ಕನೆಯದನ್ನು ಒತ್ತಿದರು. ಅದು ಕ್ಷೌರಿಕನ ಬೋಳುತಲೆಯ ಬಗ್ಗೆ ಒಂದು ತಲೆಹರಟೆ. ಅಡುಗೆಯವನು ಅದನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದ. ಮೇಡಂ ನಕ್ಕರು. ತಿಂಗಳುಗಟ್ಟಲೆ ಆದ ಮೇಲೆ ಅವರು ಆರಿಸಿದ ಮಾತನ್ನು ಯಾರೋ ಅವರ ಬದಲು ಆಡಿದ್ದರು. ನಾನು ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರನೆಯ ದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಆಟದಲ್ಲಿ ಇರುವ ಹಾಗೇ ನಾಲ್ಕು ಸಾಲು ಬರೆದು ಅವರ ಮುಂದೆ ಹಿಡಿಯುವುದು, ಅವರು ಬೆರಳಿಡುವುದು. ಅಂಕಿ ಕನ್ನಡದ್ದೇ ಹಾಕಿದೆ, ಇಂಗ್ಲಿಷ್ ಅಂಕಿ ಹಾಕಿದ್ದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ೧. ಕಾಫಿ ಬೇಕು. ೨. ಕಾಫಿ ಬೇಡ. ೩. ಬೇಕು, ಆದರೆ ನೀನು ಮಾಡಿದ್ದು ಬೇಡ. ೪. ಇದು ಕಾಫಿಯೋ ಲೋಟ ತೊಳೆದ ನೀರೋ? ಅವರು ಯಾವಾಗಲೂ ನಾಲ್ಕಕ್ಕೆ ಬೆರಳಿಡುತ್ತಿದ್ದರು, ಕುಡಿಯುತ್ತಲೂ ಇದ್ದರು.

ಅವರ ಮಾತು ನಾಲ್ಕರಲ್ಲಿ ಇಲ್ಲದಿದ್ದರೆ ಹಳೆಯ ಅಭ್ಯಾಸದಂತೆ ನಾಲ್ಕನೆಯ ಸಾಲಿನ ಕೆಳಗೆ ಟಕಟಕ ಕುಟ್ಟುತ್ತಿದ್ದರು. ಇನ್ನೂ ಇದೆ, ಬರಿ ಎಂದು. ನಾನು ಊಹಿಸಿ ಊಹಿಸಿ ಬರೆಯುತ್ತಿದ್ದೆ. ಒಂದು ದಿನ ಏನೋ ಬೇಕೆಂದು ಒಂದೇ ಸಮನೆ ಕುಟ್ಟಿದರು. ಹೊಟ್ಟೆನೋವೇ, ಫ್ಯಾನ್ ಹಾಕಬೇಕೇ, ತಮ್ಮನನ್ನು ಕರೆಯಬೇಕೇ ಎಂದು ಮೂವತ್ತು ಸಾಲಿನ ತನಕ ಹೋದೆ. ಒಂದು ಗಂಟೆಯಾದ ಮೇಲೆ ಸಿಕ್ಕಿತು: ತಮ್ಮನ ಹೆಂಡತಿ ತಂದು ಟಿವಿಯ ಮೇಲಿಟ್ಟಿದ್ದ ಪ್ಲಾಸ್ಟಿಕ್ ಹೂವಿನ ಬುಟ್ಟಿಯನ್ನು ಕಣ್ಣಿಗೆ ಕಾಣದಂತೆ ಎಸೆಯಬೇಕಿತ್ತು. ಆ ಸಾಲು ಬರೆದ ಕೂಡಲೇ "ಅದೇ" ಎಂದು ಮಂಚ ತಟ್ಟಿದರು. ಆ ಒಂದು ಗಂಟೆ ನಾನು ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಅದನ್ನು ಈಗ ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ಆರು ತಿಂಗಳ ಮೇಲೆ ಇನ್ನು ಇಷ್ಟೇ ಎಂದು ಹೇಳಿ ನಿಲ್ಲಿಸಿದಳು. ಕಾಲಿಗೆ ಬಲ ಬರಲಿಲ್ಲ. ಬಚ್ಚಲಲ್ಲಿ ಒಮ್ಮೆ ಬಿದ್ದರು. ನೋಡಿಕೊಳ್ಳುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೆಗ್ಗನಹಳ್ಳಿಗೆ ಹೋದವಳು ತಿರುಗಿ ಬರಲಿಲ್ಲ. ಆಮೇಲೆ ಬಂದ ಇಬ್ಬರು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ನಾನು ಮೊದಲು ದಿನವೂ ಹೋಗುತ್ತಿದ್ದವಳು ವಾರಕ್ಕೆ ಮೂರು ದಿನ, ಆಮೇಲೆ ಎರಡು ದಿನ ಹೋಗತೊಡಗಿದೆ. ನೋಟ್‌ಬುಕ್ಕಿನಲ್ಲಿ ತಮಾಷೆಯ ಸಾಲುಗಳು ಕಡಿಮೆಯಾದವು. ಬೇಕು, ಬೇಡ, ಆಮೇಲೆ, ಇಷ್ಟಕ್ಕೇ ಮುಗಿಸುತ್ತಿದ್ದೆ. ಅವರಿಗೆ ಅದು ಗೊತ್ತಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ತಮ್ಮ ಕೂತಿದ್ದರು, ಕ್ಯಾರಿಯರ್ ಪಕ್ಕದಲ್ಲಿಟ್ಟುಕೊಂಡು. ಅವರಿಗೂ ಐವತ್ತೈದು ದಾಟಿತ್ತು. "ನನ್ ಕೈಲಿ ಆಗ್ತಾ ಇಲ್ಲ ಮೇಡಂ" ಎಂದರು. "ನಮ್ಮನೇಲಿ ಇವಳಿಗೆ ಮಂಡಿ ಆಪರೇಷನ್ ಆಗಿದೆ. ಕೆಂಗೇರಿ ಹತ್ರ ಒಂದು ಹೋಮ್ ನೋಡ್ಕೊಂಡ್ ಬಂದಿದೀನಿ, ಚೆನ್ನಾಗಿದೆ, ನರ್ಸ್ ಇರ್ತಾರೆ. ಅಕ್ಕನ ಕೇಳದೆ ಕರ್ಕೊಂಡು ಹೋಗೋಕೆ ನಂಗೆ ಮನಸ್ಸು ಬರಲ್ಲ. ನೀವು ಬರೆದು ತೋರ್ಸಿದ್ರೆ ಒಪ್ತಾರೆ. ನಿಮ್ಮ ಭಾಷೆ ಅವ್ರಿಗೆ ಗೊತ್ತಾಗತ್ತೆ." ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡರು. ಆ ಮನುಷ್ಯನ ಮೇಲೆ ನನಗೆ ಯಾವ ದೂರೂ ಇಲ್ಲ.

ಒಳಗೆ ಹೋಗಿ ನೋಟ್‌ಬುಕ್ ತೆಗೆದೆ. ತಮ್ಮ ಮಂಚದ ಹಿಂದೆ ನಿಂತರು. ನಾನು ಬರೆದೆ:

೧. ಆಗಲಿ, ಕೆಂಗೇರಿಗೆ ಹೋಗುತ್ತೇನೆ.
೨. ಹೋಗುತ್ತೇನೆ, ಆದರೆ ಮುಂದಿನ ವಾರ.
೩. ಹೋಗುತ್ತೇನೆ, ಆದರೆ ಲ್ಯಾಪ್‌ಟಾಪ್ ಜೊತೆಗೆ ಬರಬೇಕು.
೪. ಹೋಗುತ್ತೇನೆ. ಅಲ್ಲಿಯ ಸಾರು ನೀರಾಗಿದ್ದರೆ ನಿಮ್ಮನ್ನೆಲ್ಲ ಬೈಯುತ್ತೇನೆ.

ಆ ಆಟಗಳಲ್ಲಿ ಹೀಗೆ ಆಗಾಗ ಮಾಡುತ್ತಾರೆ. ನಾಲ್ಕು ಸಾಲು ಕೊಟ್ಟಿರುತ್ತಾರೆ. ಯಾವುದನ್ನು ಒತ್ತಿದರೂ ಮುಂದೆ ಆಗುವುದು ಒಂದೇ. ಆಡುವವರಿಗೆ ತಾವೇ ಆರಿಸಿದೆವು ಎನ್ನುವ ಸಮಾಧಾನ ಮಾತ್ರ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಅವರು ನಾಲ್ಕೂ ಸಾಲು ಓದಿದರು. ಮತ್ತೊಮ್ಮೆ ಓದಿದರು. ನಾಲ್ಕರ ತಮಾಷೆಗೆ ನಗಲಿಲ್ಲ. ಎಡಗೈ ಎತ್ತಿ ನಾಲ್ಕನೆಯ ಸಾಲಿನ ಕೆಳಗೆ ಕುಟ್ಟಿದರು.

"ಇಷ್ಟೇ ಮೇಡಂ" ಎಂದೆ.

ಮತ್ತೆ ಕುಟ್ಟಿದರು. ಮೂರು ಸಲ, ಒಂದೇ ಜಾಗಕ್ಕೆ.

"ಏನಂತೆ?" ಎಂದು ತಮ್ಮ ಕೇಳಿದರು.

"ಯೋಚನೆ ಮಾಡ್ತಾ ಇದಾರೆ" ಎಂದೆ ನಾನು.

ಮೇಡಂ ನನ್ನ ಮುಖ ನೋಡಿದರು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಮೇಲೆ ಅವರು ಎಡಗೈಯಲ್ಲೇ ಕಷ್ಟಪಟ್ಟು ಆ ಹಾಳೆಯನ್ನು ಮಗುಚಿದರು, ಹಿಂದುಗಡೆ ಏನಾದರೂ ಬರೆದಿದೆಯೋ ಎಂದು. ಹಿಂದೆ ಏನೂ ಇರಲಿಲ್ಲ. ಮತ್ತೆ ಈ ಕಡೆಗೆ ತಿರುಗಿಸಿ ಮೂರಕ್ಕೆ ಬೆರಳಿಟ್ಟು "ಅದೇ" ಎಂದರು. ತಮ್ಮ ಉಸಿರು ಬಿಟ್ಟು, "ಥ್ಯಾಂಕ್ಸ್ ಅಕ್ಕ" ಎಂದು ಅವರ ಪಾದ ಮುಟ್ಟಿದರು.

ನಾನು ಹೋಗುವುದಿಲ್ಲ ಎಂಬ ಸಾಲನ್ನು ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಮ್ಮನ ಕಣ್ಣೀರು ಒಂದು ಕಾರಣ. ನನಗೆ ಸಾಕಾಗಿತ್ತು ಎನ್ನುವುದು ಇನ್ನೊಂದು. ಆದರೆ ನಿಜವಾದ ಕಾರಣ ಅದರ ಆಚೆಗಿದೆ. ಹೋಗುವುದಿಲ್ಲ ಎಂದು ಅವರು ಬೆರಳಿಟ್ಟರೆ, ಹಾಗಾದರೆ ಎಲ್ಲಿರುತ್ತೀರಿ ಎಂದು ಕೇಳಬೇಕಾಗುತ್ತಿತ್ತು. ಆಗ ನಿನ್ನ ಮನೆಗೆ ಬರುತ್ತೇನೆ ಎನ್ನುವ ಸಾಲನ್ನೂ ಬರೆಯಬೇಕಾಗುತ್ತಿತ್ತು. ವಿಜಯನಗರದ ನನ್ನ ಮನೆಯಲ್ಲಿ ಒಂದು ರೂಮು ಖಾಲಿಯಿತ್ತು. ಅವರಿಗೆ ಅದು ಗೊತ್ತಿತ್ತು. ಅವರ ಬೆರಳು ಕುಟ್ಟುತ್ತಿದ್ದದ್ದು ಆ ಸಾಲಿಗೋ ಬೇರೆ ಯಾವುದಕ್ಕೋ, ನನಗೆ ಇನ್ನು ತಿಳಿಯುವ ಹಾಗಿಲ್ಲ.

ಕೆಂಗೇರಿಯಲ್ಲಿ ಅವರು ಏಳು ತಿಂಗಳು ಇದ್ದರು. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ನೇರ ಕೆಂಗೇರಿ, ರೈಲು ಬದಲಿಸುವ ತಾಪತ್ರಯವೂ ಇಲ್ಲ. ನಾನು ಹೋದದ್ದು ಎರಡು ಸಲ.

ಮೊದಲ ಸಲ ಹೋದಾಗ ಅವರ ಗುರುತೇ ಸಿಗಲಿಲ್ಲ. ತಲೆ ಬಾಚಲು ಅನುಕೂಲ ಎಂದು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಪರ್ಸಿನಲ್ಲಿದ್ದ ಕೆಂಪು ಪೆನ್ನನ್ನು ಕೊಡೋಣವೆಂದು ಒಯ್ದಿದ್ದೆ, ಸಿಕ್ಕಿಸಲು ತುರುಬಿರಲಿಲ್ಲ. ದಿಂಬಿನ ಪಕ್ಕ ಇಟ್ಟೆ. ಬೀರುವಿನಿಂದ ಲ್ಯಾಪ್‌ಟಾಪ್ ತೆಗೆದು ಆಟ ಹಚ್ಚಿದೆ. ಇನ್ನೊಂದು ದೃಶ್ಯ ದಾಟಿದರೆ ರಾಜನ ಹಲ್ಲು ಸಿಗುತ್ತಿತ್ತು. ಅವರು ಪರದೆಯನ್ನು ಎಡಗೈಯಿಂದ ಮೆಲ್ಲಗೆ ಮುಚ್ಚಿದರು. ನೋಟ್‌ಬುಕ್ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಸಿಟ್ಟು ಬಂದಿದೆ, ಇರಲಿ ಎಂದುಕೊಂಡು ಎದ್ದು ಬಂದೆ. ಒಳಗೊಳಗೇ ಹಗುರವಾಯಿತು ಎಂದೂ ಹೇಳಿಬಿಡುತ್ತೇನೆ. ಎರಡನೆಯ ಸಲ ಹೋದಾಗ ನಿದ್ದೆ ಮಾಡುತ್ತಿದ್ದರು. ನೋಟ್‌ಬುಕ್ ಅವರ ದಿಂಬಿನ ಕೆಳಗೆ ಅರ್ಧ ಕಾಣುತ್ತಿತ್ತು. ಕಾಲು ಗಂಟೆ ಕೂತು, ಎಬ್ಬಿಸುವುದು ಬೇಡವೆಂದು ನರ್ಸಿಗೆ ಹೇಳಿ ಹೊರಟೆ.

ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. ತಿಂಡಿಗೆ ಎಬ್ಬಿಸಲು ಹೋದವರಿಗೆ ಗೊತ್ತಾಯಿತಂತೆ.

ಹದಿಮೂರು ದಿನದ ಕೆಲಸವೆಲ್ಲ ಮುಗಿದ ಮೇಲೆ, ತಮ್ಮ ಕೇಳಿಕೊಂಡದ್ದಕ್ಕೆ, ಅವರ ಸಾಮಾನು ತರಲು ನಾನೇ ಹೋದೆ. ಅಲ್ಲಿಯ ಒಬ್ಬ ಆಯಾ ಒಂದು ಬಟ್ಟೆಚೀಲ ತಂದುಕೊಟ್ಟಳು. ಎರಡು ಸೀರೆ, ಕನ್ನಡಕ, ಲ್ಯಾಪ್‌ಟಾಪ್, ನೋಟ್‌ಬುಕ್. ಅಲ್ಲೇ ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆರೆದೆ. ನನ್ನ ಕೊನೆಯ ನಾಲ್ಕು ಸಾಲು, ಕೆಂಗೇರಿಯವು, ಹಾಗೇ ಇದ್ದವು. ಅವುಗಳ ಕೆಳಗೆ ಕೆಂಪು ಪೆನ್ನಿನಲ್ಲಿ, ಎಡಗೈಯ ಸೊಟ್ಟ ಬರಹದಲ್ಲಿ, ೫ ಎಂದು ಬರೆದು ಒಂದು ಚುಕ್ಕಿ ಇಟ್ಟಿದ್ದರು. ಮುಂದೆ ಖಾಲಿ.

ಹಾಳೆ ತಿರುಗಿಸಿದೆ. ಅಲ್ಲಿ ನನ್ನ ಅಕ್ಷರವಿರಲಿಲ್ಲ. ೧, ೨, ೩, ೪, ೫, ಒಂದರ ಕೆಳಗೊಂದು, ಪ್ರತಿಯೊಂದರ ಮುಂದೆ ಸಾಲು ಬರೆಯುವಷ್ಟು ಜಾಗ ಬಿಟ್ಟು. ಮುಂದಿನ ಹಾಳೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ನೋಟ್‌ಬುಕ್ ಮುಗಿಯುವ ತನಕ ಒಂದು ಹಾಳೆಯನ್ನೂ ಬಿಟ್ಟಿರಲಿಲ್ಲ.

ಆಯಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ದಿನಾ ತಿಂಡಿ ಆದ್ಮೇಲೆ ಬರೆಯೋರು ಮೇಡಂ. ಬರೆದು ನಮ್ ಕೈಗೆ ಪೆನ್ ಕೊಡೋರು. ಚೆನ್ನಾಗ್ ಬರೆದಿದೀರ ಅಜ್ಜಿ ಅಂತ ನಾವೂ ಹೇಳ್ತಿದ್ವಿ. ಲೆಕ್ಕದ ಟೀಚರಾ ಅವ್ರು?"

"ಇಲ್ಲಮ್ಮ, ಕನ್ನಡ ಟೀಚರು."

"ಮತ್ತೆ ಒಂದ್ ಅಕ್ಷರನೂ ಬರೀಲೇ ಇಲ್ವಲ್ಲ" ಎಂದಳು ಅವಳು.

ಅಕ್ಷರ ಬರೆಯಬೇಕಾಗಿದ್ದವಳು ನಾನು.